ಚಕ್ರ ಮೊದಲು, ಪರದೆ ಆಮೇಲೆ

ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಹೋಗುವ ಐ-75 ಹೆದ್ದಾರಿಯಲ್ಲಿ ಬೇ ಸಿಟಿ ದಾಟಿ ಸ್ವಲ್ಪ ಹೊತ್ತಿಗೆ ಒಂದು ರೆಸ್ಟ್ ಏರಿಯಾ ಸಿಗುತ್ತದೆ. ಕಳೆದ ಜುಲೈನಲ್ಲಿ ನಾವು ಅಲ್ಲಿ ನಿಲ್ಲಿಸಿದ್ದು ಏಳು ವರ್ಷದ ಮಗಳು "ಅರ್ಜೆಂಟ್" ಅಂದಳು ಅಂತ ಅಷ್ಟೇ. ಇಲ್ಲದಿದ್ದರೆ ಇನ್ನೊಂದೂವರೆ ಗಂಟೆ ನಿಲ್ಲುವ ಯೋಚನೆ ಇರಲಿಲ್ಲ. ನಾನು ಅವಳನ್ನು ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಮಾವ ಕೈ ಹಿಂದೆ ಕಟ್ಟಿಕೊಂಡು ಹಿಂದಿನ ಟ್ರೇಲರ್ ಸುತ್ತ ಒಂದು ಸುತ್ತು ಹಾಕಿದ್ದರು. ಬಗ್ಗಿ ಚಕ್ರದ ನಡುವಿನ ಹಬ್‌ಗೆ ಅಂಗೈಯ ಹಿಂಬದಿ ಹತ್ತಿರ ಹಿಡಿದರು, ತಟ್ಟನೆ ತೆಗೆದರು.

"ಲೋ, ಬಾ ಇಲ್ಲಿ" ಎಂದು ಮಗನನ್ನು ಕರೆದರು. "ಎಡಗಡೇದು ಬೆಚ್ಚಗಿದೆ, ಸರಿ. ಬಲಗಡೇದು ಹತ್ರ ಕೈ ಇಡಕ್ಕೇ ಆಗ್ತಿಲ್ಲ. ವಾಸನೆ ಬರ್ತಿಲ್ವಾ ನಿಂಗೆ?"

ಬರುತ್ತಿತ್ತು. ಸುಟ್ಟ ಗ್ರೀಸಿನ ವಾಸನೆ. ಅರ್ಧ ಗಂಟೆಯಿಂದ ಕಾರಿನೊಳಗೂ ಬರುತ್ತಿತ್ತು, ಮುಂದೆ ಹೋಗುವ ಯಾವುದೋ ಟ್ರಕ್ಕಿನದು ಅಂತ ನಾವಿಬ್ಬರೂ ಸುಮ್ಮನಿದ್ದೆವು.

ಪಾಪ್-ಅಪ್ ಕ್ಯಾಂಪರ್ ನೋಡದವರಿಗೆ ಒಂದು ಮಾತು. ಕಾರಿನ ಹಿಂದೆ ಎಳೆದುಕೊಂಡು ಹೋಗುವಾಗ ಅದು ಎದೆಮಟ್ಟದ ಒಂದು ಪೆಟ್ಟಿಗೆ. ನಿಲ್ಲಿಸಿ, ಕಬ್ಬಿನ ಹಾಲಿನ ಅಂಗಡಿಯವರು ತಿರುಗಿಸುವ ಹಾಗೆ ಹಿಡಿ ತಿರುಗಿಸಿದರೆ ಸೂರು ಮೇಲೇಳುತ್ತದೆ. ಬೆಂಕಿಪೊಟ್ಟಣದ ಒಳಡಬ್ಬಿ ಎಳೆದ ಹಾಗೆ ಎರಡೂ ತುದಿಯಿಂದ ಎರಡು ಮಂಚ ಹೊರಗೆ ಬರುತ್ತವೆ. ಸುತ್ತ ಕ್ಯಾನ್‌ವಾಸ್ ಗೋಡೆ, ಜಾಲರಿಯ ಕಿಟಕಿ. ನಡುವೆ ಪುಟ್ಟ ಸಿಂಕು, ಒಲೆ, ಊಟದ ಮೇಜು. ಮೇಜು ಇಳಿಸಿದರೆ ಅದೇ ಮೂರನೇ ಹಾಸಿಗೆ. ಟೆಂಟಿಗಿಂತ ಸುಖ, ದೊಡ್ಡ ಆರ್‌ವಿಗಿಂತ ಎಷ್ಟೋ ಅಗ್ಗ. ನಮ್ಮದು 2004ರ ಮಾಡೆಲ್, ಖಾಲಿ ಇದ್ದಾಗ ಸುಮಾರು 800 ಕಿಲೋ. 2,800 ಡಾಲರ್ ಕೊಟ್ಟು ಏಪ್ರಿಲ್‌ನಲ್ಲಿ ಕೊಂಡಿದ್ದೆವು. ಅಮೆರಿಕದಲ್ಲಿರುವವರು, ಮುಂದಿನ ವರ್ಷ ಆನ್‌ಸೈಟ್ ಅಂತ ಬರುವವರು, ಯಾರಾದರೂ ಇಂಥದ್ದೊಂದು ಕೊಳ್ಳುವ ಆಸೆಯಲ್ಲಿದ್ದರೆ ನಮ್ಮ ಮೊದಲ ಪ್ರವಾಸದ ಈ ಕಥೆ ಉಪಯೋಗಕ್ಕೆ ಬಂದೀತು.

ಏಪ್ರಿಲ್‌ನಿಂದ ಜೂನ್‌ವರೆಗೆ ನಾನು ಏನು ಮಾಡಿದೆ ಗೊತ್ತೇ? ಹಳೆಯ ಕಂದು ಪರದೆ ಕಿತ್ತು ಹಳದಿ ಹೂವಿನ ಪರದೆ ಹೊಲಿದೆ. ನೆಲಕ್ಕೆ ಅಂಟಿಸುವ ವಿನೈಲ್ ಹಾಸಿದೆ. ಕುಶನ್‌ಗೆ ಇಳಕಲ್ ಸೀರೆಯ ಅಂಚಿನ ಕವರ್. ಸುತ್ತ ಪುಟ್ಟ ದೀಪದ ಸರ. ಮೊದಲು ಹೀಗಿತ್ತು, ಈಗ ಹೀಗಿದೆ ಅಂತ ರೀಲ್ಸ್ ಹಾಕಿ ಲೈಕ್ಸ್ ಎಣಿಸಿದೆ. ಇದಕ್ಕೆಲ್ಲ ಖರ್ಚಾದದ್ದು 400 ಡಾಲರ್ ಹತ್ತಿರ. ನೆಲದ ಕೆಳಗೆ ಬಗ್ಗಿ ನೋಡಿದ್ದು ಒಂದು ಸಲವೂ ಇಲ್ಲ.

ಜೂನ್‌ನಲ್ಲಿ ಹಾಸನದಿಂದ ಮಾವ ಬಂದರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅತ್ತೆ ಹೋದ ಮೇಲೆ ಒಬ್ಬರೇ ಇದ್ದರು, ಆರು ತಿಂಗಳು ನಮ್ಮ ಜೊತೆ ಇರಲಿ ಅಂತ ಕರೆಸಿದೆವು. ಆದರೆ ಇಲ್ಲಿ ಅವರಿಗೆ ಮಾಡಲು ಏನಿತ್ತು? ಬೆಳಿಗ್ಗೆ ವಾಕಿಂಗ್, ಆಮೇಲೆ ಕಿಟಕಿ, ಆಮೇಲೆ ಟಿವಿ. ಕ್ಯಾಂಪರ್ ತೋರಿಸಿದಾಗ ಪರದೆಯನ್ನು "ಚೆನ್ನಾಗಿದೆಯಮ್ಮ" ಅಂದರು. ಮರುಕ್ಷಣವೇ ಡ್ರೈವ್‌ವೇ ಮೇಲೆ ಮಂಡಿಯೂರಿದರು. "ಚಕ್ರ ಬಿಚ್ಚಿ ನೋಡಿದೀರಾ?"

"ಮಾರಿದೋರು ಎಲ್ಲಾ ಮಾಡ್ಸಿದೀವಿ ಅಂದ್ರು ಅಪ್ಪ" ಎಂದರು ನನ್ನ ಗಂಡ.

ಟೈರಿನ ಗುಡ್ಡೆ ಸವೆದಿರಲಿಲ್ಲ, ನೋಡಲು ಹೊಸದರ ಹಾಗೇ ಇತ್ತು. ಟ್ರೇಲರ್ ಟೈರ್ ಮೋಸ ಮಾಡುವುದೇ ಇಲ್ಲಿ. ಕಾರಿನ ಟೈರ್ ಓಡಿ ಸವೆಯುತ್ತದೆ. ಟ್ರೇಲರಿನದು ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮದರಲ್ಲಿ 3212 ಅಂತಿತ್ತು, ಅಂದರೆ 2012ರ 32ನೇ ವಾರ! ಐದಾರು ವರ್ಷ ಆದಮೇಲೆ ಗುಡ್ಡೆ ಎಷ್ಟೇ ಇದ್ದರೂ ಬದಲಾಯಿಸಿ ಅನ್ನುತ್ತಾರೆ. ಅವತ್ತೇ ಹೋಗಿ ಎರಡು ಹೊಸ ಟೈರ್ ಹಾಕಿಸಿದೆವು. ಸ್ಟೆಪ್ನಿಯೂ ಅಷ್ಟೇ ಹಳೆಯದು, ಅದನ್ನೂ ಬದಲಾಯಿಸಿದೆವು. ಟ್ರೇಲರಿಗೆ ಕಾರಿನ ಟೈರ್ ಅಲ್ಲ, ಎಸ್‌ಟಿ ಎಂದು ಗುರುತಿರುವ ಟ್ರೇಲರ್ ಟೈರೇ ಬೇಕು. ಹಲವು ಎಸ್‌ಟಿ ಟೈರ್‌ಗಳ ವೇಗದ ಮಿತಿ ಗಂಟೆಗೆ 65 ಮೈಲಿ. ಹಾಗಾಗಿ ನಾವು 60 ದಾಟುವುದಿಲ್ಲ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.

"ಬೇರಿಂಗೂ ನೋಡ್ಬಿಡಣ" ಅಂದರು ಮಾವ. ನಾಳೆ ಬೆಳಿಗ್ಗೆ ಹೊರಡಬೇಕು, ಕ್ಯಾಂಪ್‌ಸೈಟ್ ಬುಕ್ ಆಗಿದೆ, ಬಂದ ಮೇಲೆ ನೋಡೋಣ ಅಂದೆವು. ಅವರು ಮತ್ತೆ ಹೇಳಲಿಲ್ಲ.

ಹಾಗಾಗಿ ರೆಸ್ಟ್ ಏರಿಯಾದಲ್ಲಿ ನಾವಿಬ್ಬರೂ ಅವರ ಮುಖ ನೋಡಲಿಲ್ಲ. ಹಬ್ ತಣ್ಣಗಾಗಲಿ ಅಂತ ಒಂದು ಗಂಟೆ ಕಾದು, ಬೆಳಗಿನ ಚಪಾತಿ ಅಲ್ಲೇ ತಿಂದು, ಹತ್ತಿರದ ಎಕ್ಸಿಟ್‌ವರೆಗೆ ತೆವಳುತ್ತಾ ಹೋದೆವು. ಫೋನಿನಲ್ಲಿ ಹುಡುಕಿ ಒಂದು ಟ್ರೇಲರ್ ರಿಪೇರಿ ಶೆಡ್ ಸಿಕ್ಕಿತು. ಮೆಕ್ಯಾನಿಕ್ ಚಕ್ರ ಬಿಚ್ಚಿ, ಹಬ್ ಎಳೆದು, ಒಳಗಿನ ಬೇರಿಂಗ್ ತೆಗೆದು ಮಾವನ ಅಂಗೈ ಮೇಲಿಟ್ಟ. ರೋಲರ್‌ಗಳೆಲ್ಲ ನೀಲಿ ತಿರುಗಿದ್ದವು, ಮೈಮೇಲೆ ಚುಕ್ಕೆ ಚುಕ್ಕೆ ಗುಳಿ. ಗ್ರೀಸ್ ಒಣಗಿ ಕರಿಬೆಲ್ಲದ ಹಾಗೆ ಅಂಟಿಕೊಂಡಿತ್ತು. ಮಾವ ಅದನ್ನು ಬೆರಳಲ್ಲಿ ತಿಕ್ಕಿ, ತಲೆ ಅಲ್ಲಾಡಿಸಿ, ಎರಡೂ ಕೈಯಲ್ಲಿ ಚಕ್ರ ಕಳಚಿ ಉರುಳಿ ಹೋಗುವ ಅಭಿನಯ ಮಾಡಿದರು. ಆತ "ಎಸ್ ಸರ್" ಅಂದ. ಮುಂದಿನ ಎರಡು ಗಂಟೆ ಅವರಿಬ್ಬರಿಗೂ ನಾವು ಬೇಕಾಗಲಿಲ್ಲ. ಆತ ಗ್ರೀಸ್ ಡಬ್ಬಿ ಮುಂದೆ ಹಿಡಿದ, ಮಾವ ಹೊಸ ಬೇರಿಂಗನ್ನು ಅಂಗೈಯ ಗ್ರೀಸಿಗೆ ಒತ್ತಿ ಒತ್ತಿ, ಇನ್ನೊಂದು ಬದಿಯಿಂದ ಹೊರಬರುವ ತನಕ ತುಂಬಿದರು. ಆರು ವಾರದಲ್ಲಿ ಮೊದಲ ಸಲ ಅವರ ಕೈ ಕಪ್ಪಾಗಿತ್ತು. ಎರಡೂ ಬದಿಯ ಬೇರಿಂಗ್, ಸೀಲ್, ಕೂಲಿ ಸೇರಿ 210 ಡಾಲರ್. ನನ್ನ ಪರದೆಯ ಬಜೆಟ್‌ನ ಅರ್ಧ.

ಆ ಬೇರಿಂಗ್ ಹೆದ್ದಾರಿಯಲ್ಲಿ ಕಚ್ಚಿಕೊಂಡಿದ್ದರೆ ಚಕ್ರ ಅಚ್ಚಿನಿಂದಲೇ ಕಳಚಬಹುದಿತ್ತು. ಪಕ್ಕದ ಲೇನಿನಲ್ಲಿ ಯಾರ ಕಾರಿತ್ತೋ, ಅದರಲ್ಲಿ ಯಾರ ಮಗು ಕೂತಿತ್ತೋ. ಅವತ್ತು ಶೆಡ್ಡಿನ ಹೊರಗೆ ನಿಂತು ನಾನು ಯೋಚಿಸಿದ್ದು ಅದನ್ನೇ.

ಆದ್ದರಿಂದ ಹಳೆಯ ಪಾಪ್-ಅಪ್ ಕೊಂಡ ದಿನವೇ, ಮಾರಿದವರು ಏನೇ ಹೇಳಿರಲಿ, ಬೇರಿಂಗ್ ಬಿಚ್ಚಿ ನೋಡಿ, ಹೊಸ ಗ್ರೀಸ್ ತುಂಬಿಸಿ. ಆಮೇಲೆ ವರ್ಷಕ್ಕೊಮ್ಮೆ. ಮನೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ಚಕ್ರವನ್ನು ಸರಿಯಾದ ಜಾಕಿಯಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಸಡಿಲ. ತಿರುಗಿಸಿ ಕಿವಿಗೊಡಿ, ಗರಗರ ಅಂದರೆ ಕೆಟ್ಟಿದೆ. ಕ್ಯಾಂಪರಿನ ನಾಲ್ಕು ಮೂಲೆಯಲ್ಲಿರುವ ಸ್ಟೆಬಿಲೈಸರ್ ಜಾಕಿ ಇದಕ್ಕಲ್ಲ. ಅವು ಗಾಡಿ ಅಲ್ಲಾಡದಂತೆ ತಡೆಯಲಿಕ್ಕೆ ಇರುವಂಥವು, ಎತ್ತಲಿಕ್ಕಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ ಮೊದಲ 50 ಮೈಲಿ ಆದಾಗ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಮತ್ತೆ ಪ್ರತಿ ಸಲ ನಿಲ್ಲಿಸಿದಾಗಲೂ ಹಬ್ ಹತ್ತಿರ ಕೈ ಹಿಡಿಯಿರಿ. ಇದಕ್ಕೆ ಖರ್ಚೇನೂ ಇಲ್ಲ.

ಸಾಮಾನು ತುಂಬುವ ವಿಷಯವನ್ನು ಮಾವ ಎತ್ತಿನಗಾಡಿಯಲ್ಲಿ ವಿವರಿಸಿದರು. ಅರಸೀಕೆರೆ ಕಡೆ ಅವರ ಅಪ್ಪ ಗಾಡಿಯಲ್ಲಿ ತೆಂಗಿನಕಾಯಿ ಹೇರುತ್ತಿದ್ದರಂತೆ. ಮುಂಭಾರ ಆದರೆ ಎತ್ತಿನ ಕತ್ತು ಮುರಿಯುತ್ತದೆ, ಹಿಂಭಾರ ಆದರೆ ನೊಗ ಮೇಲೇಳುತ್ತದೆ. ಟ್ರೇಲರೂ ಅಷ್ಟೇ. ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. ಹಿಂಭಾರವಾದರೆ ವೇಗದಲ್ಲಿ ಟ್ರೇಲರ್ ಹಾವಿನ ಬಾಲದ ಹಾಗೆ ಬಳುಕಲು ಶುರುಮಾಡಿ ಕಾರನ್ನೂ ಎಳೆದಾಡುತ್ತದೆ. ಅಕ್ಕಿ ಚೀಲ, ನೀರಿನ ಕ್ಯಾನು, ಕೂಲರು ಎಲ್ಲ ಚಕ್ರದ ನೇರಕ್ಕೆ ಅಥವಾ ಸ್ವಲ್ಪ ಮುಂದಕ್ಕೆ. ಹಿಚ್ ಕೆಳಗೆ ಸೇಫ್ಟಿ ಚೈನ್ ಎರಡನ್ನೂ ಅಡ್ಡಡ್ಡ ಹಾಕಬೇಕು. ಹಿಚ್ ಕಳಚಿದರೂ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ನಿಲ್ಲುತ್ತದೆ. ಕಾರಿನ ಮ್ಯಾನ್ಯುಯಲ್‌ನಲ್ಲಿ ಎಷ್ಟು ಎಳೆಯಬಹುದು ಅಂತ ಬರೆದಿರುತ್ತದೆ. ಕೊಳ್ಳುವ ಮೊದಲೇ ಅದನ್ನು ಓದಿ, ಕೊಂಡ ಮೇಲಲ್ಲ.

ಸಂಜೆ ಮ್ಯಾಕಿನಾ ಸೇತುವೆ ತಲುಪಿದೆವು. 1957ರಲ್ಲಿ ತೆರೆದ, ಐದು ಮೈಲಿ ಉದ್ದದ ತೂಗುಸೇತುವೆ. ಒಂದು ಕಡೆ ಮಿಶಿಗನ್ ಸರೋವರ, ಇನ್ನೊಂದು ಕಡೆ ಹ್ಯೂರಾನ್. ಒಳಗಿನ ಲೇನ್ ಉಕ್ಕಿನ ಜಾಲರಿಯದು, ಚಕ್ರದ ಕೆಳಗೆ ನೀರು ಕಾಣುತ್ತದೆ, ಗುಂಯ್ ಎಂಬ ಸದ್ದು ಬೇರೆ. ಟ್ರೇಲರ್ ಇದ್ದವರು ಹೊರಗಿನ ಲೇನ್ ಹಿಡಿಯುವುದು ನೆಮ್ಮದಿ. ಗಾಳಿ ಜೋರಿದ್ದಾಗ ಎತ್ತರದ ಆರ್‌ವಿಗಳನ್ನು ನಿಧಾನ ಮಾಡಿಸುತ್ತಾರೆ, ಕೆಲವೊಮ್ಮೆ ನಿಲ್ಲಿಸುತ್ತಾರೆ. ಮಡಚಿದ ಪಾಪ್-ಅಪ್ ಕಾರಿನ ನೆರಳಲ್ಲೇ ಅಡಗಿ ಬರುತ್ತದಲ್ಲ, ಅದರ ದೊಡ್ಡ ಲಾಭ ನನಗೆ ಅರ್ಥವಾದದ್ದು ಅಲ್ಲಿ. ಓಡಿಸಲು ಹೆದರುವವರಿದ್ದರೆ ಸೇತುವೆಯ ಸಿಬ್ಬಂದಿಯೇ ನಿಮ್ಮ ಕಾರು ಓಡಿಸಿ ದಾಟಿಸುವ ವ್ಯವಸ್ಥೆಯೂ ಇದೆ. ನನ್ನ ಗಂಡ ಬೇಡ ಅಂದರು. ದಾಟುವವರೆಗೆ ಕಾರಲ್ಲಿ ಯಾರೂ ಮಾತಾಡಲಿಲ್ಲ.

ನಾವು ಹೊರಟಿದ್ದು ಟಹ್ಕ್ವಾಮೆನನ್ ಜಲಪಾತದ ಸ್ಟೇಟ್ ಪಾರ್ಕಿಗೆ. ಅದರ ಪಕ್ಕದ ಊರಿನ ಹೆಸರು ಪ್ಯಾರಡೈಸ್. ದಕ್ಷಿಣ ಮಿಶಿಗನ್‌ನಲ್ಲಿ ಹೆಲ್ ಅಂತಲೂ ಒಂದು ಊರಿದೆ. "ನರಕದಿಂದ ಸ್ವರ್ಗಕ್ಕೆ ಎಷ್ಟು ಮೈಲಿ?" ಅಂತ ಮಾವ ಕೇಳಿದರು. ಮಗಳು ಫೋನಿನಲ್ಲಿ ನೋಡಿ ಆರು ಗಂಟೆ ಅಂದಳು.

ತಡವಾಗಿ, ಕತ್ತಲಲ್ಲಿ, ಸೊಳ್ಳೆಗಳ ನಡುವೆ ಮೊದಲ ಸಲ ಕ್ಯಾಂಪರ್ ಬಿಚ್ಚುವುದು ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಮನೆಯ ಮುಂದೆ ಎರಡು ಸಲ ಬಿಚ್ಚಿ ಮಡಚಿ ಅಭ್ಯಾಸ ಮಾಡಿಕೊಳ್ಳಿ, ಕ್ರಮವನ್ನು ಒಂದು ಕಾರ್ಡಿನ ಮೇಲೆ ಬರೆದು ಬಾಗಿಲಿಗೆ ಅಂಟಿಸಿ. ಕಾರಿನಿಂದ ಕಳಚುವ ಮೊದಲೇ ಎಡ-ಬಲ ಮಟ್ಟ ಮಾಡಬೇಕು, ತಗ್ಗಿದ ಕಡೆಯ ಚಕ್ರವನ್ನು ಹಲಗೆ ಮೇಲೆ ಹತ್ತಿಸಿ. ಆಮೇಲೆ ಚಕ್ರಕ್ಕೆ ಹಿಂದೆ ಮುಂದೆ ಕಟ್ಟೆ ಕೊಡಬೇಕು. ಇದಾಗದೆ ಹಿಚ್ ಕಳಚಲೇಬಾರದು. ಕಳಚಿದ ಮೇಲೆ ಮೂತಿಯ ಜಾಕಿಯಿಂದ ಹಿಂದು-ಮುಂದು ಮಟ್ಟ, ನಂತರ ನಾಲ್ಕು ಮೂಲೆಯ ಜಾಕಿ, ಆಮೇಲೆ ಸೂರು, ಕೊನೆಗೆ ಮಂಚ. ಮೂಲೆಯ ಜಾಕಿಗಳಿಗೆ ಬ್ಯಾಟರಿ ಡ್ರಿಲ್‌ಗೆ ಸಾಕೆಟ್ ಹಾಕಿ ತಿರುಗಿಸಿದರೆ ಎರಡೇ ನಿಮಿಷ. ನಾವು ಮಾಡಿದ ಅತಿ ಸುಖದ ಬದಲಾವಣೆ ಅದು. ಆದರೆ ಸೂರು ಎತ್ತುವ ಹಿಡಿಗೆ ಡ್ರಿಲ್ ಹಾಕಬೇಡಿ. ಕೈಯಲ್ಲಿ ತಿರುಗಿಸುವಾಗ ಎಲ್ಲೋ ಬಿಗಿ ಹಿಡಿದರೆ ಕೈಗೆ ಗೊತ್ತಾಗುತ್ತದೆ, ಡ್ರಿಲ್‌ಗೆ ಗೊತ್ತಾಗುವುದಿಲ್ಲ. ಕೇಬಲ್ ಹರಿದರೆ ಸೂರು ತಲೆಮೇಲೆ.

ಹೊರಚಾಚಿದ ಮಂಚದ ಮೂಲೆಗಳು ಸರಿಯಾಗಿ ಹಣೆಯ ಎತ್ತರದಲ್ಲಿರುತ್ತವೆ. ಮೊದಲ ರಾತ್ರಿಯೇ ನನಗೆ ಬುಗುಟು ಬಂತು. ಮಕ್ಕಳು ಈಜುಕೊಳದಲ್ಲಿ ಹಿಡಿದು ತೇಲುವ ಉದ್ದನೆಯ ಸ್ಪಂಜಿನ ಕೊಳವೆ ಡಾಲರ್ ಅಂಗಡಿಯಲ್ಲಿ ಸಿಗುತ್ತದೆ, ಕತ್ತರಿಸಿ ಮೂಲೆಗಳಿಗೆ ಸಿಕ್ಕಿಸಿ. ಬಣ್ಣ ಜೋರಾಗಿರಲಿ, ಕತ್ತಲಲ್ಲೂ ಕಾಣುತ್ತದೆ. ವಯಸ್ಸಾದವರನ್ನು ಮಂಚಕ್ಕೆ ಹತ್ತಿಸಬೇಡಿ. ಊಟದ ಮೇಜಿನ ಹಾಸಿಗೆ ತಗ್ಗಿನಲ್ಲಿರುತ್ತದೆ, ರಾತ್ರಿ ಎದ್ದರೆ ಕಾಲು ನೆಲಕ್ಕೆ ಸಿಗುತ್ತದೆ. ಶೌಚಾಲಯ ದೂರ ಅಂತ ಒಂದು ಪೋರ್ಟಬಲ್ ಕಮೋಡ್ ಕೂಡ ತಂದಿದ್ದೆ. ಮಾವ ಅದನ್ನು ನೋಡಿ ಏನೂ ಹೇಳದೆ ಟಾರ್ಚ್ ಹಿಡಿದು ಹೊರಟರು. ಅದು ಇನ್ನೂ ಡಬ್ಬದಲ್ಲೇ ಇದೆ.

ಎರಡನೇ ರಾತ್ರಿ ಮಳೆ. ಕ್ಯಾನ್‌ವಾಸ್ ಮೇಲೆ ಮಳೆ ಬೀಳುವ ಸದ್ದು, ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಮಾವ ತುಂಬ ಹೊತ್ತು ಎಚ್ಚರವಾಗಿದ್ದರು. ಬೆಳಿಗ್ಗೆ ನೋಡಿದರೆ ಸೂರಿನ ಒಳಮೈಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಸೋರಿಕೆ ಅಂತ ಗಾಬರಿಯಾದೆ. ಅಲ್ಲ, ಅದು ನಮ್ಮದೇ ಉಸಿರು. ಚಳಿಗೆ ಹೆದರಿ ಎಲ್ಲ ಕಿಟಕಿ ಮುಚ್ಚಿ ನಾಲ್ಕು ಜನ ಮಲಗಿದ್ದೆವು. ಎದುರುಬದುರಿನ ಎರಡು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಡಿ, ಹಾಸಿಗೆಯ ಕೆಳಗೂ ಗಾಳಿಯಾಡುವ ಜಾಲರಿ ಹಾಸಿ. ಬೆಳ್ಳಿಬಣ್ಣದ ಬಬಲ್ ಹಾಳೆಯನ್ನು ಕಿಟಕಿ ಅಳತೆಗೆ ಕತ್ತರಿಸಿ ಆಫೀಸಿನ ದಪ್ಪ ಕ್ಲಿಪ್‌ನಿಂದ ಸಿಕ್ಕಿಸಿಕೊಂಡರೆ ಹಗಲಿನ ಬಿಸಿಲು, ರಾತ್ರಿಯ ಚಳಿ ಎರಡಕ್ಕೂ ತಡೆ. ಆದರೆ ಚಳಿ ಅಂತ ಒಳಗೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವ ಯೋಚನೆ ಕನಸಲ್ಲೂ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಪತ್ತೆಹಚ್ಚುವ ಡಿಟೆಕ್ಟರ್‌ಗೂ ಆಯುಸ್ಸಿದೆ, ಹಿಂಬದಿಯ ದಿನಾಂಕ ನೋಡಿ. ನಮ್ಮದರದ್ದು ಎಂದೋ ಮುಗಿದಿತ್ತು. ಹೊರಡುವ ಮೊದಲು ನಾನು ಮಾಡಿದ ಒಂದೇ ಬುದ್ಧಿವಂತಿಕೆ ಹೊಸದು ಹಾಕಿದ್ದು.

ಬಲ್ಬುಗಳನ್ನೂ ಎಲ್‌ಇಡಿಗೆ ಬದಲಾಯಿಸಿ. ಹಳೆಯ ಬಲ್ಬಿಗಿಂತ ಎಷ್ಟೋ ಪಾಲು ಕಡಿಮೆ ಕರೆಂಟ್ ಎಳೆಯುತ್ತವೆ, ಬ್ಯಾಟರಿ ಎರಡು ರಾತ್ರಿ ಹೆಚ್ಚು ಬರುತ್ತದೆ.

ಅಡುಗೆ ಹೊರಗೇ ಮಾಡಿ. ಒಳಗೆ ಒಂದೇ ಒಂದು ಸಲ ಒಗ್ಗರಣೆ ಹಾಕಿದೆ. ಇಂಗಿನ ವಾಸನೆ ಕ್ಯಾನ್‌ವಾಸಿನಲ್ಲಿ ಸೆಪ್ಟೆಂಬರ್ ತನಕ ಇತ್ತು. ಇನ್ನು ಕುಕ್ಕರ್. ಮಿಶಿಗನ್ ಸ್ಟೇಟ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 8ರವರೆಗೆ ಸದ್ದು ಮಾಡುವಂತಿಲ್ಲ. ಬೆಳಿಗ್ಗೆ ಆರೂವರೆಗೆ ಬೇಳೆಗೆ ಮೂರು ವಿಷಲ್ ಕೂಗಿಸಿದ ನನ್ನನ್ನು ನೋಡಲು ಪಕ್ಕದ ಸೈಟಿನ ಅಜ್ಜಿ ಡ್ರೆಸಿಂಗ್ ಗೌನಿನಲ್ಲೇ ಬಂದರು. ಬೈಯಲಿಲ್ಲ, ಏನಾದರೂ ಸಿಡಿಯಿತೇ ಅಂತ ಕೇಳಿದರು. ಮಧ್ಯಾಹ್ನ ಸಾರು ಕೊಟ್ಟು ಕಳಿಸಿದೆ. ಊಟ ಮುಗಿದ ಮೇಲೆ ಒಂದು ಕಾಳೂ ಹೊರಗಿರಬಾರದು, ಕ್ಯಾಂಪರಿನಲ್ಲೂ ಇರಬಾರದು, ಎಲ್ಲ ಕಾರಿನೊಳಗೆ. ಆ ಕಡೆ ಕರಡಿಗಳಿವೆ, ನಮ್ಮದು ಬಟ್ಟೆಯ ಗೋಡೆ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಕರಡಿ ಕಾಟದ ಕಾರಣಕ್ಕೇ ಬಟ್ಟೆಗೋಡೆಯ ಕ್ಯಾಂಪರ್‌ಗಳಿಗೆ ಪ್ರವೇಶವಿಲ್ಲ. ಎಲ್ಲಿಗೇ ಆಗಲಿ, ಬುಕ್ ಮಾಡುವ ಮೊದಲು ನೋಡಿಕೊಳ್ಳಿ.

ಜಲಪಾತ ನೋಡಲು ಹೋದದ್ದು ಮೂರನೇ ದಿನ. ಸುಮಾರು 50 ಅಡಿ ಎತ್ತರ, 200 ಅಡಿ ಅಗಲ. ನೀರಿನ ಬಣ್ಣ ಮಾತ್ರ ನಂಬಲಾಗದ್ದು: ಮೇಲಿನ ಸೀಡರ್ ಮರಗಳ ಜೌಗಿನಲ್ಲಿ ನೆನೆದು ಬರುವುದರಿಂದ ಟ್ಯಾನಿನ್ ಸೇರಿ ಕಂದು, ಮೇಲೆ ನೊರೆ. "ಜೋಗ ನೋಡಿದೋರಿಗೆ ಇದು ಎತ್ತರ ಅಲ್ಲ ಬಿಡಿ" ಅಂದರು ಮಾವ. ಸ್ವಲ್ಪ ಹೊತ್ತು ಬೇಲಿಗೆ ಒರಗಿ ನೋಡಿ, "ಆದ್ರೆ ಇಷ್ಟೊಂದು ಡಿಕಾಕ್ಷನ್ ಒಟ್ಟಿಗೆ ನೋಡಿರ್ಲಿಲ್ಲ" ಅಂದರು. ಅತ್ತೆ ಬೆಳಿಗ್ಗೆ ಐದಕ್ಕೆದ್ದು ಫಿಲ್ಟರ್‌ಗೆ ಪುಡಿ ಹಾಕುತ್ತಿದ್ದರು. ಮಾವ ಆ ದಿನ ಫೋಟೊ ತೆಗೆಸಿಕೊಳ್ಳಲಿಲ್ಲ, ಹೊರಡುವ ತನಕ ಅಲ್ಲೇ ನಿಂತಿದ್ದರು.

ಹೊರಡುವ ದಿನವೂ ಮಳೆ. ಒದ್ದೆ ಕ್ಯಾನ್‌ವಾಸನ್ನೇ ಮಡಚಬೇಕಾಯಿತು. ಇಲ್ಲಿ ಬಹಳ ಜನ ಎಡವುತ್ತಾರೆ. ಒದ್ದೆಯಾಗಿ ಮಡಚುವುದು ತಪ್ಪಲ್ಲ, ಹಾಗೇ ಬಿಡುವುದು ತಪ್ಪು. ಒಂದೆರಡು ದಿನದೊಳಗೆ ಬಿಚ್ಚಿ ಪೂರ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕರಿ ಚುಕ್ಕೆ ಒಮ್ಮೆ ಬಂದರೆ ಹೋಗುವುದು ಕಷ್ಟ, ಹೊಸ ಕ್ಯಾನ್‌ವಾಸಿನ ಬೆಲೆಗೆ ಇನ್ನೊಂದು ಹಳೆಯ ಕ್ಯಾಂಪರೇ ಸಿಗಬಹುದು. ಮಡಚುವಾಗ ಹಾಸಿಗೆಯ ಮೇಲೆ ಅಗ್ಗದ ಪ್ಲಾಸ್ಟಿಕ್ ಟಾರ್ಪಾಲು ಹಾಸಿ, ಒದ್ದೆ ಬಟ್ಟೆ ಹಾಸಿಗೆಗೆ ತಾಗುವುದಿಲ್ಲ. ಉಳಿದ ಸೌದೆಯನ್ನು ಮನೆಗೆ ತರಬೇಡಿ, ಮನೆಯದನ್ನು ಒಯ್ಯಲೂಬೇಡಿ. 2002ರಲ್ಲಿ ಡೆಟ್ರಾಯಿಟ್ ಸುತ್ತ ಪತ್ತೆಯಾದ ಒಂದು ಹಸಿರು ದುಂಬಿ ಹೀಗೆ ಸೌದೆಯ ಜೊತೆ ಪ್ರಯಾಣ ಮಾಡಿಯೇ ಆ್ಯಶ್ ಮರಗಳನ್ನು ಕೊಂದಿದೆ.

ನಮ್ಮ ಲೇಔಟಿನ ಅಸೋಸಿಯೇಷನ್ ಡ್ರೈವ್‌ವೇಯಲ್ಲಿ ಟ್ರೇಲರ್ ನಿಲ್ಲಿಸಲು 24 ಗಂಟೆ ಮಾತ್ರ ಕೊಡುತ್ತದೆ. ಮನೆ ತಲುಪಿದ ಮಾರನೇ ಬೆಳಿಗ್ಗೆ ಬಿಚ್ಚಿ, ಎರಡು ಫ್ಯಾನ್ ಇಟ್ಟು, ಮಾವ ಅದರೊಳಗೆ ಕುರ್ಚಿ ಹಾಕಿಕೊಂಡು ಕೂತರು. ಗಂಟೆಗೊಮ್ಮೆ ಎದ್ದು ಹೊಲಿಗೆಗಳನ್ನು ಮುಟ್ಟಿ ನೋಡುತ್ತಿದ್ದರು; ಮೈ ಒಣಗಿದರೂ ಹೊಲಿಗೆಯಲ್ಲಿ ನೀರು ಉಳಿಯುತ್ತದಂತೆ. ಸಂಜೆ ಐದಕ್ಕೆ "ಈಗ ಮಡಚಿ" ಅಂದರು.

ಡಿಸೆಂಬರ್‌ನಲ್ಲಿ ಅವರು ಹಾಸನಕ್ಕೆ ವಾಪಸ್ ಹೋದರು. ಹೊರಡುವ ವಾರ, ಗ್ಯಾರೇಜಿನಲ್ಲಿ ಹೀಟರ್ ಹಾಕಿಕೊಂಡು, ಬೇರಿಂಗ್ ಬಿಚ್ಚಿ ಗ್ರೀಸ್ ತುಂಬುವುದನ್ನು ನನಗೆ ಎರಡು ಸಲ ಮಾಡಿಸಿದರು. ಮಗನಿಗಲ್ಲ, ನನಗೆ. "ಅವನು ಆಮೇಲೆ ನೋಡಣ ಅಂತಾನೆ" ಅಂದರು. ಈ ವರ್ಷದ ಮೊದಲ ಟ್ರಿಪ್ ಮೇ ಕೊನೆಯ ವಾರ. ಗ್ರೀಸ್ ಕೆಲಸ ಮೊನ್ನೆ ಭಾನುವಾರ ಮುಗಿಸಿದೆ, ವಿಡಿಯೊ ಕಾಲ್‌ನಲ್ಲಿ ಅವರು ನೋಡುತ್ತಿದ್ದರು, ಒಂದು ನಟ್ಟನ್ನು ಮತ್ತೆ ಬಿಚ್ಚಿಸಿದರು. ಹಳದಿ ಪರದೆಯ ಒಂದು ಬದಿ ಬಿಸಿಲಿಗೆ ಬಿಳಿಚಿಕೊಂಡಿದೆ. ಬದಲಾಯಿಸಿಲ್ಲ.